ಎರಡನೆಯ ಮುಳುಗು

ಕೆಸರು ಬೆರಳ ಸಂದಿಯಲ್ಲಿ ನುಸುಳಿತು, ತಣ್ಣಗೆ, ಇನ್ನೊಂದು ಹೆಜ್ಜೆ, ಬಿಳಿ ಪಂಚೆ ಉಬ್ಬಿ ಹಿನ್ನೀರಿನ ಮೇಲೆ ತೇಲಿತು, ದಾವೀದಪ್ಪ ಅದನ್ನು ಎರಡೂ ಕೈಯಿಂದ ಅದುಮಿಕೊಂಡ — ದಡದಲ್ಲಿ ಅವನು ಹೊಸದಾಗಿ ಸೇರಿದ ಕ್ರೈಸ್ತ ಸಭೆಯವರು ಹಾಡುತ್ತ ನೋಡುತ್ತಿದ್ದಾರೆ, ನೋಡಲಿ, ಅವ್ವ ನೋಡದಿದ್ದರೆ ಸಾಕು, ಆದರೆ ಅವ್ವ ಬಂದಿದ್ದಾಳೆ, ಬರಬೇಡ ಅಂದರೂ ಹೊಸದುರ್ಗದಲ್ಲಿ ಅದೇ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಈ ಎಪ್ಪತ್ಮೂರರ ಬೇಸಿಗೆಯ ಬಿಸಿಲಿನಲ್ಲಿ ಬಂದು ಜಾಲಿಯ ನೆರಳಿಗೆ ಒಬ್ಬಳೇ ನಿಂತಿದ್ದಾಳೆ. ನಿನ್ನೆ ಒಲೆ ಮುಂದೆ ಎಷ್ಟು ಮೆಲ್ಲಗೆ ಕೇಳಿದಳು, ದೀಕ್ಷಾಸ್ನಾನ ಅಂದ್ರೆ ಸಾವು ಅಂತ ನೀನೇ ಓದಿ ಹೇಳ್ದೆ, ಕ್ರಿಸ್ತನ ಜೊತೆ ಮಣ್ಣಾಗಿ ಅವನ ಜೊತೆ ಏಳೋದು ಅಂದೆ, ನೀನು ಕೂಸಿದ್ದಾಗ್ಲೇ ನಿನ್ನ ಹೂತಾಗೈತಲ್ಲಪ್ಪ, ಒಬ್ಬ ಎಷ್ಟು ಸಲ ಸಾಯ್ತಾನೆ? ಬೈಬಲಿನ ಪೌಲನ ಮಾತೆಲ್ಲ ಬಾಯಿಪಾಠವಿದ್ದವನಿಗೆ ಸಿಟ್ಟು ಬಂತು, ನಂಬಿಕೆ ಮೊದ್ಲು, ಸ್ನಾನ ಆಮೇಲೆ, ಕೂಸಿಗೆಂಥ ನಂಬಿಕೆ, ನೀನು ಮಾಡ್ಸಿದ್ದು ಸ್ನಾನ ಅಲ್ಲವ್ವ, ಬರೀ ತಲೆ ಒದ್ದೆ ಮಾಡ್ಸಿದ್ದು — ಅಂದುಬಿಟ್ಟ. ಅವನವ್ವ ಕಾಳಕ್ಕ ಒಲೆ ಊದುವುದನ್ನು ನಿಲ್ಲಿಸಲಿಲ್ಲ. ಆ ತಲೆ ಒದ್ದೆ ಮಾಡಿಸಿದ್ದಕ್ಕೆ, ಕೂಸನ್ನು ಕ್ರೈಸ್ತನನ್ನಾಗಿ ಮಾಡಿದಳೆಂದು, ತವರಾದ ಹೊರಕೆರೆದೇವಪುರದ ಅಣ್ಣತಮ್ಮಂದಿರು ಅವಳಿಗೆ ಬಾಗಿಲು ಮುಚ್ಚಿದರು, ಅವಳ ಹೆತ್ತವ್ವ ಸತ್ತಾಗ ಮಣ್ಣಿಗೂ ಕರೆಯಲಿಲ್ಲ, ಇವನನ್ನು ಸೊಂಟಕ್ಕೆ ಎತ್ತಿಕೊಂಡು ಬೇಲಿಯಾಚೆ ನಿಂತು ನೋಡಿದಳಂತೆ, ಅದನ್ನೂ ಅವಳು ಹೇಳಲಿಲ್ಲ, ಬೇರೆಯವರು ಹೇಳಿದ್ದು.

ದಾವೀದಪ್ಪ, ನೀರಿನಲ್ಲಿ ಪಕ್ಕಕ್ಕೆ ನಿಂತ ಪಾಸ್ಟರ್ ಕರೆದರು, ಬೆಚ್ಚಿದ, ಆ ಹೆಸರು ಕೊಟ್ಟಿದ್ದೂ ಆವತ್ತಿನ ನೀರೇ, ಚಿತ್ರದುರ್ಗದ ಚರ್ಚಿನ ಹಿತ್ತಾಳೆ ಬಟ್ಟಲಿನ ನೀರು, ಪಾಸ್ಟರ್ ಕೇಳುತ್ತಿದ್ದಾರೆ, ಚಿಕ್ಕಂದಿನಾಗೆ ಆಗಿದ್ದು ಸ್ನಾನ ಅಲ್ಲ ಅಂತ ಎಲ್ಲರ ಮುಂದೆ ಒಪ್ಕಂತೀಯೇನಪ್ಪ? ಹಾಡು ನಿಂತಿತು. ಒಪ್ಕಂತೀನ್ರಿ — ದನಿ ಯಾಕೆ ಅಷ್ಟು ಜೋರಾಗಿ ಬಂತು, ಮೆಲ್ಲಗೆ ಹೇಳಬಹುದಿತ್ತು, ಅವ್ವನಿಗೆ ಕೇಳದ ಹಾಗೆ, ಅಷ್ಟರಲ್ಲಿ ಎದೆಗೊಂದು ಕೈ, ಬೆನ್ನಿಗೊಂದು ಕೈ, ಆಕಾಶ ಹಿಂದಕ್ಕೆ ವಾಲಿತು, ಮೂಗಿಗೆ ನೀರು, ಹಸಿರು ಕತ್ತಲೆ, ಹಳೆಯ ಮನುಷ್ಯ ಸಾಯಬೇಕು, ಸಾಯಲಿ, ಒಲೆ ಮುಂದೆ ಆ ಮಾತಾಡಿದವನು ಹಳಬನೋ ಹೊಸಬನೋ, ಅವನು ಸಾಯುತ್ತಿಲ್ಲ, ಅವನೂ ನನ್ನ ಜೊತೆಗೇ ಏಳುತ್ತಿದ್ದಾನೆ — ಎದ್ದ, ಹಲ್ಲೆಲೂಯಾ ಅಂದರು, ಚಪ್ಪಾಳೆ, ಕಣ್ಣೊರೆಸಿಕೊಂಡು ನೋಡಿದರೆ ಜಾಲಿಯ ನೆರಳಿನಲ್ಲಿ ಯಾರೂ ಇಲ್ಲ, ಹೊರಟುಹೋದಳು, ಹೋಗಬೇಕಾದ್ದೇ — ಇಲ್ಲ, ನೀರಿನಲ್ಲಿದ್ದಾಳೆ, ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಬರುತ್ತಿದ್ದಾಳೆ, ಮೊಣಕಾಲು, ತೊಡೆ, ಇರುವ ಒಂದೇ ಒಳ್ಳೆಯ ಸೀರೆ ನೆನೆಯುತ್ತಿದೆ, ಅಲ್ಲೇ ನಿಂತ್ಕಳಪ್ಪ, ಶೀತ ಆಗ್ತೈತೆ, ನೀರು ತಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದ ಒಣ ಟವೆಲ್ಲು, ಅವನು ಮುಖ ಎತ್ತಲಾರ, ತಲೆ ಬಗ್ಗಿಸಲಾರ, ಅವಳ ಸೊಂಟದವರೆಗೆ ನೀರು, ಎತ್ತಿ ಹಿಡಿದ ಒಣ ಟವೆಲ್ಲು, ಒಣ ಟವೆಲ್ಲು —