ಅರೆದೈವದ ಸ್ಕೂಟರ್

ನಿಘಂಟು ಕಚೇರಿಯ ಸಮಿತಿಗೆ ಆ ಸಲ ಒಂದು ಪದ ಬೇಕಾಗಿತ್ತು: ದೇವರಲ್ಲ, ಆದರೂ ಮುಟ್ಟಲು ಕೈ ಹಿಂಜರಿಯುವ ವಸ್ತುಗಳಿಗೆ. ಉದಾಹರಣೆಗೆ, ಪ್ರಧಾನ ಸಂಪಾದಕರ ಕುರ್ಚಿ. ಅವರು ರಜೆಯಲ್ಲಿದ್ದಾಗಲೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಅವರು ಕೂತಿದ್ದಾಗ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಸಮಿತಿಯ ಕಿರಿಯ ಸದಸ್ಯೆ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ತೀರಿಕೊಂಡ ಗಂಡನ ಸ್ಕೂಟರ್ ಮನೆಯ ಮುಂದೆಯೇ ನಿಂತಿತ್ತು. ಬೆಳಿಗ್ಗೆ ಅತ್ತೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸುವರು. ಆಮೇಲೆ ಇವಳು ಕಿಕ್ ಹೊಡೆದು, ಅದು ಗುಡುಗುಟ್ಟುವುದನ್ನು ಸ್ವಲ್ಪ ಹೊತ್ತು ಕೇಳಿ, ಆರಿಸಿ, ಬಸ್ಸಿಗೆ ಓಡುವಳು. ಓಡಿಸಲು ಇಬ್ಬರಿಗೂ ಬರುತ್ತಿರಲಿಲ್ಲ. ಇಂಜಿನ್ ಕೆಡಬಾರದಲ್ಲ ಎಂದು ಇಬ್ಬರೂ ಮೆಕ್ಯಾನಿಕ್ಕುಗಳ ಗಾಂಭೀರ್ಯದಿಂದ ಹೇಳುತ್ತಿದ್ದರು.

ಭಾನುವಾರ ಮೈದುನ ಬಂದ.

“ಅತ್ತಿಗೆ, ಇದನ್ನ ಮಾರ್ಬಿಡೋಣ. ಗಿರಾಕಿ ಇದಾನೆ.”

“ಅದು ಅಲ್ಲಿದ್ರೆ ನಿನಗೇನೋ ಕಷ್ಟ?” ಎಂದರು ಅತ್ತೆ.

“ಅದೇನು ದೇವರೇನಮ್ಮ, ದಿನಾ ಒರೆಸಿ ನಿಲ್ಸೋಕೆ?”

“ದೇವರಲ್ಲ.”

“ಮತ್ತೇನು?”

ಅತ್ತೆ ಸೊಸೆಯ ಕಡೆ ತಿರುಗಿ, “ನಿಮ್ಮ ಆಫೀಸಲ್ಲಿ ಅದಕ್ಕೇ ಅಲ್ವೇನೇ ಪದ ಹುಡುಕ್ತಿರೋದು?” ಎಂದರು.

“ಹೌದತ್ತೆ.”

“ಹಾಗಾದ್ರೆ ಅದು ಸಿಗಲಿ ಕಣೋ. ಏನು ಅಂತಾನೇ ಗೊತ್ತಿಲ್ಲದ್ದನ್ನ ಹೇಗೆ ಮಾರ್ತೀಯ?”

ಮೈದುನ ನಕ್ಕ. “ಆಯ್ತಮ್ಮ. ಒಂದು ಪದ ತಾನೇ? ಅಷ್ಟೊಂದು ಜನ ಓದಿದವರು ಕೂತಿದಾರೆ, ವಾರದಲ್ಲಿ ಮುಗಿಯುತ್ತೆ.” ಪಾಪ, ಅವನು ಓದಿದವರ ಸಮಿತಿಯನ್ನು ಕಂಡವನಲ್ಲ.

ಗ್ರಹಚಾರ ನೋಡಿ, ಸೋಮವಾರ ಸಮಿತಿ ಎಂದೂ ಇಲ್ಲದ ಒಮ್ಮತಕ್ಕೆ ಬಂದುಬಿಟ್ಟಿತು.

“ಅರೆದೈವ,” ಎಂದರು ಸಂಪಾದಕರು. ಎಲ್ಲರೂ ತಲೆಯಾಡಿಸಿದರು. ಎಲ್ಲದಕ್ಕೂ ತಕರಾರು ತೆಗೆದು ‘ಅಡಿಟಿಪ್ಪಣಿ’ ಎಂದು ಹೆಸರಾಗಿದ್ದ ಹಿರಿಯರೂ “ಪರವಾಗಿಲ್ಲ” ಅಂದರು.

ಪದ ಸಿಕ್ಕಿತೆಂದರೆ ಸ್ಕೂಟರ್ ಹೋದಂತೆ. ಗಂಡ ಹೋದಮೇಲೆ ಸಭೆಯಲ್ಲಿ ತುಟಿ ಬಿಚ್ಚದವಳು ಎದ್ದು ನಿಂತಳು.

“ಸರ್, ನಿಮ್ಮ ಕುರ್ಚಿ ಬರೀ ಅರೆದೈವವೇ?”

ಸಂಪಾದಕರು ಕುರ್ಚಿಯ ಕೈಗಳನ್ನು ಸವರಿದರು. “ಅರೆ ಅಂದ್ರೆ... ಸ್ವಲ್ಪ ಕಮ್ಮಿಯೇ ಆಯ್ತು.”

“ಕಮ್ಮಿಯೇ? ಜಾಸ್ತಿ ಆಯ್ತು ಅಂತೀನಿ!” ಎಂದು ಅಡಿಟಿಪ್ಪಣಿ ಟೊಂಕ ಕಟ್ಟಿ ನಿಂತರು.

ಸಂಜೆಯ ಹೊತ್ತಿಗೆ ಉಪಸಮಿತಿ ರಚನೆಯಾಗಿತ್ತು. ಅಧ್ಯಕ್ಷರು ಅಡಿಟಿಪ್ಪಣಿ, ಸಂಚಾಲಕಿ ಅವಳೇ.

ಮರುದಿನ ಬೆಳಿಗ್ಗೆ ಸ್ಕೂಟರ್ ಆರಿಸಿದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು, “ಪದ ಸಿಕ್ತೇನೇ?”

“ಉಪಸಮಿತಿ ಆಗಿದೆ ಅತ್ತೆ.”

“ಹಾಗಂದ್ರೆ?”

ಅವಳು ಅತ್ತೆಯ ಕೈಯಲ್ಲಿದ್ದ ಚಿಂದಿಯನ್ನು ನೋಡಿದಳು.

“ಒರೆಸೋಕೆ ಗಟ್ಟಿ ಬಟ್ಟೆ ಬೇಕಾಗುತ್ತೆ. ಬರ್ತಾ ತರ್ತೀನಿ.”