ತಗಡಿನ ತನಕ

"ಎದ್ದಿತು! ಎದ್ದಿತು ನೋಡ್ರೋ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಕಾರಿನ ಬಾನೆಟ್ ಮೇಲೆ ಬಳಿದಿದ್ದ, ಬಣ್ಣ ಬಿಡಿಸುವ ಮದ್ದು ಕೆಲಸ ಶುರುಮಾಡಿತ್ತು. ಹಳೆಯ ಬಿಳಿ ಬಣ್ಣ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿ, ಸುಕ್ಕುಗಟ್ಟಿ, ತಾನಾಗಿಯೇ ಬಿಡುತ್ತಿತ್ತು. ನೇಮತ್ ಕೆರೆಯುವ ಪಟ್ಟಿಯನ್ನು ಓರೆಯಾಗಿ ಹಿಡಿದು ಒಮ್ಮೆ ತಳ್ಳಿದಳು. ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು ಪ್ರೈಮರ್, ಅದರ ಕೆಳಗೆ ಫಳಫಳ ತಗಡು.

ಬಣ್ಣ ಕೀಳುವುದನ್ನು ಗ್ಯಾರೇಜುಗಳೇ ತುಂಬಿದ ಕರ್ಮೂಸಿನ ಗಲ್ಲಿಯಲ್ಲಿ ಯಾರೂ ನಿಂತು ನೋಡುವವರಲ್ಲ. ದಿನ ಬೆಳಗಾದರೆ ಎಲ್ಲರದೂ ಅದೇ ಕೆಲಸ. ಇವತ್ತು ಮಾತ್ರ ಸುತ್ತಿಗೆಗಳೆಲ್ಲ ಬಾಯಿ ಮುಚ್ಚಿದ್ದವು, ಕಾಫಿ ಅಂಗಡಿಯ ಕುರ್ಚಿಗಳೆಲ್ಲ ಇತ್ತ ಮುಖ ಮಾಡಿದ್ದವು. ಕಾರಣ ಎದುರಂಗಡಿಯ ಮೇಸ್ತ್ರಿ, ಉಸ್ತಾ ಬಯೂಮಿ. ನೇಮತಳ ಅಪ್ಪ ದಸೂಕಿಗೆ ಈತ ಒಂದು ಕಾಲದ ಪಾಲುದಾರ. ತಗಡಿನ ಕೆಲಸ ಬಯೂಮಿಯದು, ಬಣ್ಣ ದಸೂಕಿಯದು. ತಗ್ಗಿಗೆ ಮೆತ್ತಿ ಮುಚ್ಚುವ ಪುಟ್ಟಿ ಬಂದ ಮೇಲೆ, ಅದನ್ನು ಬಳಸುವ ಮಾತಿಗೆ ಇಬ್ಬರಿಗೂ ಮುರಿಯಿತು. ದಸೂಕಿ ಸತ್ತು ನಲವತ್ತು ದಿನ ಕಳೆಯುವ ಮೊದಲೇ ಬಯೂಮಿ ಕಾಫಿ ಹೀರುತ್ತ ಒಂದು ಮಾತು ಬಿಟ್ಟಿದ್ದ: "ದಸೂಕಿ ಬಣ್ಣ ಏನೋ ಚೆನ್ನಾಗೇ ಇತ್ತು ಬಿಡ್ರಪ್ಪ. ಕೆಳಗಡೆ ಎಷ್ಟು ಪುಟ್ಟಿ ಮೆತ್ತಿದ್ದ ಅನ್ನೋದು ದೇವರಿಗೇ ಗೊತ್ತು."

ಅಷ್ಟೇ. ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದಿದ್ದ ನೇಮತಳ ಅಂಗಡಿಗೆ ಎಂಟು ತಿಂಗಳಿಂದ ಒಂದು ಗಾಡಿಯೂ ಬಂದಿರಲಿಲ್ಲ. ಮೊನ್ನೆ ಬಂದದ್ದು ಹಜ್ ಯಾತ್ರೆ ಮುಗಿಸಿದ್ದ ಹಜ್ಜಾ ತಫೀದಾಳ ಈ ಮುದಿ ಕಾರು.

"ಇಪ್ಪತ್ತೆಂಟು ವರ್ಷದ ಹಿಂದೆ ಇದನ್ನ ಕೊಂಡು ಬಣ್ಣ ಹೊಡೆಸೋಕೆ ತಂದಾಗ ನಿಮ್ಮಪ್ಪ ಏನಂದಿದ್ದ ಗೊತ್ತಾ?" ಎಂದಿದ್ದಳು ಹಜ್ಜಾ, ಸೊಂಟಕ್ಕೆ ಕೈಯಿಟ್ಟು. "ಒಂದು ಚಿಟಿಕೆ ಪುಟ್ಟಿ ಸಿಕ್ಕಿದ್ರೂ ಮೀಸೆ ಬೋಳಿಸ್ಕೋತೀನಿ ಅಂದಿದ್ದ. ತಗಡಿನ ತನಕ ಕೀಳು. ಎಲ್ಲರ ಎದುರಿಗೇ ಕೀಳು. ಪುಟ್ಟಿ ಬಂತೋ, ಗಾಡಿ ಬಯೂಮಿ ಹತ್ರ ಹೋಗತ್ತೆ. ಆಮೇಲೆ ನನ್ನ ಬೈಕೋಬೇಡ."

ಈ ಕಾರೂ ಕೈಬಿಟ್ಟರೆ ಅಂಗಡಿ ಬಾಗಿಲು ಎಳೆಯುವುದೊಂದೇ ಬಾಕಿ. ಅಪ್ಪನ ಹೆಸರೂ ಅದರ ಜೊತೆಗೇ ಹೋಗುತ್ತಿತ್ತು.

ಬಾನೆಟ್ ಚೊಕ್ಕ. ಟಾಪು ಚೊಕ್ಕ. ಒಂದೊಂದು ಭಾಗ ಬೆತ್ತಲಾದಾಗಲೂ ಜನ ಗೋಲು ಹೊಡೆದವರಂತೆ ಕೂಗಿದರು. ನೇಮತಳಿಗೆ ಕೈ ನೋವೂ ತಿಳಿಯದು, ಮದ್ದಿನ ಘಾಟೂ ತಿಳಿಯದು; ಬಣ್ಣ ಉದ್ದುದ್ದ ಸಿಪ್ಪೆಯಾಗಿ ಕಿತ್ತು ಬರುತ್ತಿದ್ದರೆ ಕುಣಿಯುವಷ್ಟು ಖುಷಿ.

"ಇನ್ನೂ ಬಾಗಿಲುಗಳಿವೆ ಕಣಮ್ಮಾ," ಎಂದ ಬಯೂಮಿ ಕೂತಲ್ಲಿಂದಲೇ. "ಪಾಪ ಎಲ್ಲ ಬಾಗಿಲಲ್ಲೇ ಇರತ್ತೆ."

ಎಡಗಡೆ ಹಿಂದಿನ ಬಾಗಿಲಲ್ಲಿ ಬಿಳಿಯ ಕೆಳಗೆ ನೀಲಿ ಬರಲಿಲ್ಲ. ಪ್ರೈಮರ್ ಬಂತು. ಅದರ ಕೆಳಗೆ ತಟ್ಟೆಯಗಲ, ಬೂದಿ ಬಣ್ಣದ, ಹೊಳಪಿಲ್ಲದ ಒಂದು ತೇಪೆ. ಕೂಗುತ್ತಿದ್ದವರು ಹತ್ತಿರ ಸರಿದರು.

"ಪುಟ್ಟಿ!" ಬಯೂಮಿ ಕುರ್ಚಿ ಬಿಟ್ಟು ಎದ್ದೇಬಿಟ್ಟ. "ನಾನು ಹೇಳ್ಲಿಲ್ವಾ? ಮೀಸೆ ಬೋಳಿಸೋಣ ಅಂದ್ರೆ ಮನುಷ್ಯನೇ ಇಲ್ಲ!"

"ಏನಮ್ಮಾ ಇದು?" ಹಜ್ಜಾಳ ದನಿ ಇಳಿದಿತ್ತು.

ನೇಮತಳಿಗೆ ಅಪ್ಪನೂ ಮನುಷ್ಯನೇ ಅಲ್ಲವೇ ಎಂದು ಒಂದು ಗಳಿಗೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಬಾಗಿಲನ್ನು ನೀರಿನಿಂದ ಚೆನ್ನಾಗಿ ತೊಳೆದು ಒರೆಸಿದಳು. ಗ್ಯಾಸಿನ ಬರ್ನರ್ ತಂದಳು.

"ಪುಟ್ಟಿ ಆದ್ರೆ ಸುಡಬೇಕು, ನಾರಬೇಕು. ಎಲ್ಲರೂ ಮೂಗು ತೆರ್ಕೊಂಡು ನಿಂತ್ಕೊಳ್ಳಿ."

"ಹಚ್ಚು ಹಚ್ಚು," ಎಂದ ಬಯೂಮಿ.

ನೀಲಿ ಉರಿ ತೇಪೆಯ ಕೆಳ ಅಂಚನ್ನು ನೆಕ್ಕಿತು. ಹೊಗೆ ಬರಲಿಲ್ಲ. ವಾಸನೆ ಬರಲಿಲ್ಲ. ಬೂದಿ ಬಣ್ಣ ಬೆವರಿತು, ಬೆಳ್ಳಗಾಯಿತು, ಒಂದು ಹನಿ ಜಾರಿ ನೆಲಕ್ಕೆ ಟಪ್ಪೆಂದು ಬಿತ್ತು.

"ತವರ!" ಎಂದು ನೇಮತ್ ಕಿರುಚಿದಳು. "ತವರ ಕಣ್ರೀ! ಕಲಾಯಿ ಹಾಕಿದ ಹಾಗೆ ಕರಗಿಸಿ ಕೂರಿಸಿದಾರೆ!"

ಹಜ್ಜಾ ತಫೀದಾ ಮದುವೆಮನೆಯವಳಂತೆ ನಾಲಿಗೆ ಹೊರಳಿಸಿ ಉಲುಲುಲು ಎಂದಳು. ಮೇಲಿನ ಕಿಟಕಿಗಳಿಂದ ಹೆಂಗಸರು ಅದಕ್ಕೆ ದನಿಗೂಡಿಸಿದರು. ಯಾರೋ ನೇಮತಳ ಬೆನ್ನಿಗೆ ಗುದ್ದಿದರು. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಇನ್ನೇನು ಕೊಂಕು ತೆಗೆಯಲು ಬಂದನೋ, ಬಯೂಮಿ ಜನರನ್ನು ಸರಿಸಿಕೊಂಡು ಬಂದು ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತ. ಕನ್ನಡಕ ಏರಿಸಿಕೊಂಡ. ಬೆಂಕಿ ತಾಗದ ಮೇಲ್ಭಾಗದಲ್ಲಿ ಅರದ ಸಣ್ಣ ಗೀರುಗಳಿದ್ದವು. ಅವುಗಳ ಮೇಲೆ ಬೆರಳಾಡಿಸಿದ. ಬೆರಳು ಅಲ್ಲೇ ನಿಂತಿತು.

ನೇಮತ್ ಬಗ್ಗಿ ನೋಡಿದಳು. ಗೀರುಗಳೆಲ್ಲ ವಾಲಿದ್ದು ಎಡಗೈಯವನು ಅರ ಹಿಡಿದರೆ ವಾಲುವ ದಿಕ್ಕಿಗೆ. ಈ ಗಲ್ಲಿಯಲ್ಲಿ ಎಡಗೈಯಲ್ಲಿ ಅರ ಹಿಡಿಯುತ್ತಿದ್ದವನು ಒಬ್ಬನೇ.

"ಇದು ನಂದು," ಎಂದ ಬಯೂಮಿ. ಅವಳಿಗಷ್ಟೇ ಕೇಳಿಸಿತು. "ಮೂರು ದಿನ ಹಿಡೀತು. ನಿಮ್ಮಪ್ಪ ಒಂದು ಸಲನೂ ಬೇಗ ಮುಗಿಸು ಅನ್ನಲಿಲ್ಲ."

ಎಂಟು ತಿಂಗಳಿಂದ ಅವನ ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ಕೂಡಿಟ್ಟ ಮಾತುಗಳು ಬೇಕಾದಷ್ಟಿದ್ದವು. ನೇಮತ್ ಬರ್ನರ್ ಕೆಳಗಿಟ್ಟಳು.

"ಕೆಲಸ ಅಂದ್ರೆ ಇದು, ಉಸ್ತಾ," ಎಂದಳು.

"ಇವತ್ತೇ ಪ್ರೈಮರ್ ಹೊಡೀತೀಯಾ?"

"ಹೊಡೀಲೇಬೇಕು. ಸಮುದ್ರದ ಗಾಳಿ, ಸಂಜೆ ಹೊತ್ತಿಗೆ ತುಕ್ಕು ಕೂರತ್ತೆ."

"ತವರಕ್ಕೆ ತುಕ್ಕು ಹಿಡಿಯಲ್ಲಮ್ಮ. ಇಷ್ಟು ಜಾಗ ಬಿಡು." ಬಯೂಮಿ ಕನ್ನಡಕ ತೆಗೆದು ಒರೆಸಿಕೊಂಡ. "ನನ್ನ ಮಗ ನಮ್ಮ ಅಂಗಡಿಗೆ ಪುಟ್ಟಿ ಡಬ್ಬ ತರೋಕೆ ಹೋಗಿದಾನೆ. ಬಂದ ಮೇಲೆ ಅವನಿಗೆ ಇದನ್ನ ತೋರಿಸ್ಬೇಕು."

ನೇಮತ್ ತೇಪೆಯ ಮೇಲೆ ಹಳೆಯ ಪೇಪರು ಅಂಟಿಸಿ, ಕಾರಿಗೆಲ್ಲ ಬೂದು ಪ್ರೈಮರ್ ಹೊಡೆದಳು. ಆಮೇಲೆ ಪೇಪರು ಕಿತ್ತಳು. ಬಯೂಮಿ ಕಾಫಿ ಅಂಗಡಿಯ ಕುರ್ಚಿಯನ್ನು ಎಳೆದು ತಂದು, ಆ ಬಾಗಿಲ ಪಕ್ಕಕ್ಕೆ ಹಾಕಿಕೊಂಡು, ಗಲ್ಲಿಯ ತುದಿಯತ್ತ ನೋಡುತ್ತ ಕೂತ.