ಎರಡನೇ ದರ್ಜೆಯ ತಪ್ಪು

ವೃದ್ಧಾಶ್ರಮಗಳ ತಪಾಸಣೆಗೆ ಸುತ್ತಿ ಸುತ್ತಿ ಅಧಿಕಾರಿ ಹೈರಾಣಾಗಿದ್ದ. ಅಂದಿನ ನಾಲ್ಕನೆಯ ಆಶ್ರಮದ ಕೊನೆಯ ಕೋಣೆಯಲ್ಲಿ, ಅಜ್ಜಿಯೊಬ್ಬಳ ಮಂಚದ ಪಕ್ಕದ ಕರೆಗಂಟೆಯ ದಾರವನ್ನು ಕೈಗೆಟುಕದಂತೆ ಕಿಟಕಿಯ ಸರಳಿಗೆ ಕಟ್ಟಿದ್ದರು. ಹೋದ ವರ್ಷವೂ ಅಲ್ಲೇ ಇತ್ತು. ಗಂಟು ಕೂಡ ಅದೇ.

"ಸುಮ್‌ಸುಮ್ನೆ ಬಾರಿಸ್ತಾರೆ ಸಾರ್," ಎಂದು ಮೇಲ್ವಿಚಾರಕಿ ಹಲ್ಲು ಕಿರಿದಳು.

ಅವನು ಗಂಟು ಬಿಚ್ಚಿ ದಾರವನ್ನು ಅಜ್ಜಿಯ ಕೈಗಿತ್ತು, ಫಾರ್ಮು ತೆಗೆದ. "ಎರಡನೇ ದರ್ಜೆ ತಪ್ಪು. ಎಚ್ಚರಿಕೆ ಪತ್ರ ಬರುತ್ತೆ."

"ಕಳಿಸಿ ಸಾರ್, ಹೋದ್ವರ್ಷದ್ದರ ಜೊತೆ ಫೈಲಿಗೆ ಹಾಕ್ತೀವಿ," ಎಂದು ಅವಳು ಹೊರಟೇಹೋದಳು.

ಅಜ್ಜಿ ಕೇಳಿದಳು: "ಇವರಿಗೆ ದಂಡ ಯಾವಾಗಪ್ಪ ಹಾಕ್ತೀಯ?"

"ಅಪಾಯ ಇದೆ, ಪೆಟ್ಟಾಗಿಲ್ಲ ಅಂದ್ರೆ ಎರಡನೇ ದರ್ಜೆ ಅಜ್ಜಿ. ಯಾರಿಗಾದ್ರೂ ಪೆಟ್ಟಾದ್ರೇನೇ ಮೂರನೇದು. ದಂಡ ಅದಕ್ಕೆ ಮಾತ್ರ."

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ನಿಯಮವನ್ನು ಹೇಳಿ ಹೇಳಿ ಅವನ ಬಾಯಿ ಸೋತಿತ್ತು.

ಅಜ್ಜಿ ದಾರವನ್ನು ಅವನ ಕೈಗೇ ವಾಪಸು ತುರುಕಿದಳು.

"ಹಂಗಾದ್ರೆ ಇದನ್ನ ಅಲ್ಲೇ ಕಟ್ಟಿ ಹೋಗಪ್ಪ. ಮುಂದಿನ ವರ್ಷ ನೀನು ಬರೋ ಹೊತ್ತಿಗೆ ನಾನು ಬಿದ್ದಿರ್ತೀನಿ."